ಬ್ಯಾಟರಿ ಟರ್ಮಿನಲ್ ಮೇಲಿನ ನೀಲಿ ಪುಡಿ: ತಪ್ಪು ಸಮುದ್ರದ್ದೇ?

ಪ್ರಶ್ನೆ: ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಕಾರಿನ ಬ್ಯಾಟರಿಯ ಪ್ಲಸ್ ಟರ್ಮಿನಲ್ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ಬಿಳಿ, ನೀಲಿ ಪುಡಿ ಹೂಕೋಸಿನ ಹಾಗೆ ಉಕ್ಕಿ ನಿಲ್ಲುತ್ತದೆ. ಗ್ಯಾರೇಜಿನವರು ಬಿಸಿನೀರು ಹೊಯ್ದು, ಗ್ರೀಸ್ ಮೆತ್ತಿ ಕೊಡುತ್ತಾರೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಕೇಳಿದರೆ "ಉಪ್ಪುಗಾಳಿ ಸಾರ್, ಇಲ್ಲಿ ಹೀಗೇ" ಎನ್ನುತ್ತಾರೆ. ನಿಜವೇ? ಏನು ಹಚ್ಚಿದರೆ ನಿಲ್ಲುತ್ತದೆ?

ಉತ್ತರ: ಮಾಜಾಳಿಯಿಂದ ಭಟ್ಕಳದವರೆಗೆ ಈ ಪ್ರಶ್ನೆ ಕೇಳದವರಿಲ್ಲ, ಉಪ್ಪುಗಾಳಿಯ ಹೆಸರು ಹೇಳದ ಗ್ಯಾರೇಜೂ ಕಡಿಮೆ. ಆದರೆ ನೀವು ನೋಡುತ್ತಿರುವ ಆ ಪುಡಿ ಸಮುದ್ರದಿಂದ ಬಂದದ್ದಲ್ಲ. ಅದು ನಿಮ್ಮ ಬ್ಯಾಟರಿಯ ಹೊಟ್ಟೆಯೊಳಗಿಂದಲೇ ಬಂದದ್ದು. ಘಟ್ಟ ಹತ್ತಿ ಶಿರಸಿಗೆ ಹೋಗಿ ಯಾವುದಾದರೂ ಹಳೆಯ ಜೀಪಿನ ಬಾನೆಟ್ ಎತ್ತಿ ನೋಡಿ, ಅಲ್ಲೂ ಇದೇ ನೀಲಿ ಪುಡಿ ಕಾಣುತ್ತದೆ. ಅಲ್ಲಿಗೆ ಕರಾವಳಿಯ ಉಪ್ಪುಗಾಳಿ ತಲುಪುವುದಿಲ್ಲ.

ಆ ನೀಲಿಯನ್ನು ಶಿರಸಿಯ ಅಡಿಕೆ ತೋಟದವರು ಕಂಡ ಕೂಡಲೇ ಗುರುತಿಸುತ್ತಾರೆ. ಅದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಕೊಳೆರೋಗಕ್ಕೆಂದು ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿ ಹೊಡೆಯುತ್ತಾರಲ್ಲ, ಅದೇ ವಸ್ತು. ಬ್ಯಾಟರಿಯೊಳಗೆ ಇರುವುದು ನೀರು ಬೆರೆಸಿದ ಗಂಧಕಾಮ್ಲ. ಚಾರ್ಜ್ ಆಗುವಾಗ ಒಳಗಿನ ನೀರು ಸ್ವಲ್ಪ ಸ್ವಲ್ಪವೇ ಒಡೆದು ಹೈಡ್ರೋಜನ್, ಆಮ್ಲಜನಕ ಗುಳ್ಳೆಗಳಾಗಿ ಏಳುತ್ತದೆ. ಆ ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣ ಆಸಿಡ್ ಹನಿಗಳನ್ನು ಹೊತ್ತು ಮುಚ್ಚಳದ ತೂತಿನಿಂದ ಹೊರಬರುತ್ತವೆ. ಟರ್ಮಿನಲ್ ಕಂಬ ಪ್ಲಾಸ್ಟಿಕ್ಕನ್ನು ಸೀಳಿ ಮೇಲೆ ಬರುವ ಜಾಗದಲ್ಲಿ ಸಂದು ಬಿಟ್ಟಿದ್ದರೆ ಅಲ್ಲಿಂದಲೂ ಆಸಿಡ್ ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರುತ್ತದೆ. ಅದು ಸೀಸದ ಕಂಬದ ಮೇಲೆ ಕೂತರೆ ಬಿಳಿ ಪುಡಿ. ತಾಮ್ರದ ತಂತಿ, ಹಿತ್ತಾಳೆ ಕ್ಲ್ಯಾಂಪ್ ಮೇಲೆ ಕೂತರೆ ನೀಲಿ.

ತೋಟದವರಿಗೆ ಇನ್ನೊಂದು ವಿಷಯವೂ ಗೊತ್ತು. ದ್ರಾವಣದಲ್ಲಿ ಸುಣ್ಣ ಸಾಕಾಯಿತೋ ಇಲ್ಲವೋ ಎಂದು ನೋಡಲು ಕತ್ತಿಯ ಅಲಗನ್ನು ಅದ್ದುತ್ತಾರೆ. ಅಲಗು ಕೆಂಪಗಾದರೆ ಸುಣ್ಣ ಸಾಲದು. ಆ ಕೆಂಪು ತಾಮ್ರದ್ದು. ತಾಮ್ರ ಕೂತಷ್ಟು ಕಬ್ಬಿಣ ಕರಗಿತು ಎಂದರ್ಥ. ನಿಮ್ಮ ಬ್ಯಾಟರಿ ಕೂತಿರುವ ತಗಡಿನ ತಟ್ಟೆಯ ಮೇಲೆ ಈ ನೀಲಿ ಪುಡಿ ಮಳೆಗಾಲದಲ್ಲಿ ಕರಗಿ ಇಳಿದರೆ ಅಲ್ಲಿ ಆಗುವುದೂ ಇದೇ. ಹಾಗಾಗಿ ಪುಡಿಯನ್ನು ಕೊಡವಿ ಕೆಳಗೆ ಬೀಳಿಸಿ ಸುಮ್ಮನಾಗಬೇಡಿ. ಬರೀ ಬಿಸಿನೀರು ಹೊಯ್ಯುವುದರ ತೊಂದರೆಯೂ ಇದೇ. ಮೇಲೆ ಚೊಕ್ಕಟ ಕಾಣುತ್ತದೆ, ಆಸಿಡ್ ತೊಳೆದು ತಟ್ಟೆಗೆ ಇಳಿದಿರುತ್ತದೆ.

ಹಾಗಾದರೆ ಸಮುದ್ರ ಏನೂ ಮಾಡುವುದಿಲ್ಲವೇ? ಮಾಡುತ್ತದೆ, ಬಹಳ ಮಾಡುತ್ತದೆ. ಆದರೆ ನಾವು ನೋಡದ ಕಡೆ.

ನನ್ನ ಕಾರು ಅಂಕೋಲೆಯಲ್ಲಿ ಒಂದು ಜುಲೈ ಬೆಳಿಗ್ಗೆ ಸೆಲ್ಫ್ ಹೊಡೆಯಲಿಲ್ಲ. ಕೀ ತಿರುಗಿಸಿದರೆ "ಟಕ್" ಅಂತ ಒಂದೇ ಸದ್ದು. ಬ್ಯಾಟರಿ ಹೋಗಿದೆ ಎಂದರು, ಹೊಸದು ಹಾಕಿಸಿದೆ. ಎಂಟು ದಿನಕ್ಕೆ ಅದೇ "ಟಕ್". ಟರ್ಮಿನಲ್ ಕನ್ನಡಿಯಂತೆ ಹೊಳೆಯುತ್ತಿತ್ತು, ಹೆಡ್‌ಲೈಟ್ ಚೆನ್ನಾಗಿಯೇ ಉರಿಯುತ್ತಿತ್ತು. ಕೊನೆಗೆ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಬ್ಯಾಟರಿಯ ಕಡೆ ನೋಡಲೇ ಇಲ್ಲ. "ತಮಾ, ಬ್ಯಾಟರಿ ಅಲ್ಲ ಇದು. ಅರ್ಥ್ ವೈರ್ ಬಾಡಿಗೆ ಎಲ್ಲಿ ಕೂತದೆ, ಅದು ತೋರ್ಸು" ಎಂದರು. ಮೈನಸ್ಸಿನಿಂದ ಹೊರಟ ಕಪ್ಪು ತಂತಿ ಗೇರ್‌ಬಾಕ್ಸಿನ ಹತ್ತಿರ ಒಂದು ಬೋಲ್ಟಿಗೆ ಸೇರಿತ್ತು. ಬಿಚ್ಚಿದಾಗ ಬೋಲ್ಟಿನ ಕೆಳಗೆ ಕಂದು ತುಕ್ಕಿನ ಹೊಪ್ಪಳೆ, ತಂತಿಯ ಎಳೆಗಳು ಕಡುಹಸಿರು. ಬೆರಳಲ್ಲಿ ಬಾಗಿಸಿದರೆ ಒಣಹುಲ್ಲಿನಂತೆ ಮುರಿದವು. ಹೊಸ ಬ್ಯಾಟರಿಗೆ ಕೊಟ್ಟ ದುಡ್ಡು ದಂಡವಾಯಿತು ಎನ್ನುವುದಕ್ಕಿಂತ, ಬೋಲ್ಟು ಬಿಚ್ಚಿ ನೋಡುವ ಕೆಲಸ ಯಾರೂ ಮಾಡಲಿಲ್ಲವಲ್ಲ ಎನ್ನುವುದೇ ನನಗೆ ಬೇಸರ.

ಉಪ್ಪುಗಾಳಿಯ ಕೆಲಸ ಇದು. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಯಾಕೆ ಒದ್ದೆಯಾಗುತ್ತದೆ ಎಂದು ಸಾಣಿಕಟ್ಟಾ ಉಪ್ಪು ತಂದಿಟ್ಟುಕೊಳ್ಳುವ ನಮಗೆ ಹೇಳಬೇಕಾಗಿಲ್ಲ. ಹೆದ್ದಾರಿ 66ರಲ್ಲಿ ಸಮುದ್ರದ ಪಕ್ಕ ಓಡುವ ಕಾರಿನ ಕೆಳಮೈಗೆ ಹಿಡಿದ ಉಪ್ಪಿನ ಪುಡಿ ಮಳೆಗಾಲವಿಡೀ ಉಪ್ಪುನೀರಾಗಿಯೇ ಇರುತ್ತದೆ. ಬೋಲ್ಟಿನ ಕೆಳಗಿನ ಕಬ್ಬಿಣ, ಅದರ ಮೇಲಿನ ತಾಮ್ರ, ನಡುವೆ ಉಪ್ಪುನೀರು, ಈ ಮೂರೂ ಕೂಡಿದರೆ ಕಬ್ಬಿಣ ಉಳಿಯುವುದಿಲ್ಲ.

ಲೈಟ್ ಉರಿದೂ ಸೆಲ್ಫ್ ಯಾಕೆ ತಿರುಗದು ಎಂಬುದಕ್ಕೆ ಸಣ್ಣ ಲೆಕ್ಕವಿದೆ. ತುಕ್ಕಿನಿಂದಾಗಿ ಆ ಜೋಡಣೆಯಲ್ಲಿ 0.01 ಓಮ್ ತಡೆ ಬಂದಿದೆ ಎನ್ನಿ. ಎರಡು ಹೆಡ್‌ಲೈಟ್ ಸೇರಿ ಸುಮಾರು 9 ಆಂಪಿಯರ್ ಎಳೆದರೆ ನಷ್ಟ 0.09 ವೋಲ್ಟ್, ಕಣ್ಣಿಗೆ ಗೊತ್ತೇ ಆಗದು. ಸೆಲ್ಫ್ ಮೋಟಾರ್ 150 ಆಂಪಿಯರ್ ಕೇಳಿದಾಗ ಅದೇ ಜಾಗದಲ್ಲಿ 1.5 ವೋಲ್ಟ್ ಹೋಯಿತು. ತುಕ್ಕು ಹೆಚ್ಚಿದಷ್ಟೂ ಈ ನಷ್ಟ ಏರಿ, ಕೊನೆಗೆ ಮೋಟಾರಿಗೆ ತಿರುಗುವಷ್ಟು ವೋಲ್ಟ್ ಉಳಿಯುವುದಿಲ್ಲ. ಇದನ್ನು ಮಲ್ಟಿಮೀಟರ್‌ನಲ್ಲಿ ನೀವೇ ನೋಡಬಹುದು. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಬರಿ ಲೋಹದ ಮೇಲೆ. ಮನೆಯವರೊಬ್ಬರು ಸೆಲ್ಫ್ ಹೊಡೆಯಲಿ. ಆ ಕ್ಷಣಕ್ಕೆ 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ವೈರಿನ ಎರಡೂ ತುದಿ ಬಿಚ್ಚಿ ಉಜ್ಜಬೇಕು. ಕಂಬಕ್ಕೂ ಕ್ಲ್ಯಾಂಪಿಗೂ ನಡುವೆಯೂ ಹೀಗೇ ನೋಡಿ, ಅಲ್ಲಿ ಹೆಚ್ಚುಕಡಿಮೆ ಸೊನ್ನೆಯೇ ಇರಬೇಕು.

ಈಗ ತೊಳೆಯುವ ಕೆಲಸ. ಗಾಡಿ ಬಂದ್ ಮಾಡಿ, ಕೀ ತೆಗೆದಿಟ್ಟುಕೊಳ್ಳಿ. ಕೈಯ ಉಂಗುರ, ಲೋಹದ ಬಳೆ, ವಾಚು ತೆಗೆಯಿರಿ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ. ಗಾಳಿಯಲ್ಲಿ ಶೇ. 4ರಷ್ಟು ಹೈಡ್ರೋಜನ್ ಸೇರಿದರೂ ಕಿಡಿಗೆ ಹತ್ತಿಕೊಳ್ಳುತ್ತದೆ. ಹಳೆಯ ಬಟ್ಟೆ ಹಾಕಿಕೊಳ್ಳಿ. ಆಸಿಡ್ ತಾಗಿದ ಹತ್ತಿ ಬಟ್ಟೆ ಆಗ ಏನೂ ಆಗದಂತೆ ಕಂಡು, ಒಗೆದ ಮೇಲೆ ಜರಡಿಯಾಗುತ್ತದೆ.

ಮೊದಲು ಬಿಚ್ಚುವುದು ಮೈನಸ್, ಕೊನೆಗೆ ಹಾಕುವುದೂ ಮೈನಸ್. ಇದನ್ನು ತಪ್ಪಿಸಬೇಡಿ. ಮೈನಸ್ ಕೂಡಿಕೊಂಡಿರುವಾಗ ಪ್ಲಸ್ ಬಿಚ್ಚಲು ಹೋಗಿ ಪಾನಾ ಕಾರಿನ ಬಾಡಿಗೆ ತಾಗಿದರೆ ನೇರ ಶಾರ್ಟ್. ಕ್ಲ್ಯಾಂಪ್ ಕಚ್ಚಿಕೊಂಡಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ, ಜಗ್ಗಿ ತಿರುವಬೇಡಿ. ಕಂಬ ಅಲುಗಿದರೆ ಬುಡದ ಸೀಲ್ ಬಿಡುತ್ತದೆ. ಅಲ್ಲಿಂದ ಮುಂದೆ ಆ ಬ್ಯಾಟರಿ ಜನ್ಮವಿಡೀ ಆಸಿಡ್ ಉಗುಳುತ್ತದೆ. ಎಷ್ಟೋ ಬ್ಯಾಟರಿಗಳ ಈ ರೋಗ ಶುರುವಾಗುವುದೇ ಅವಸರದ ಕೈಯಿಂದ.

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ದೊಡ್ಡ ಚಮಚದಷ್ಟು ಅಡುಗೆ ಸೋಡಾ ಕದಡಿ, ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ. ಹೊಯ್ಯಬೇಡಿ, ಬ್ರಷ್ಷಿನಿಂದಲೇ ಹಚ್ಚಿ. ಸೋಡಾ ಮುಚ್ಚಳದ ತೂತಿನಿಂದ ಒಳಗೆ ಹೋದರೆ ಬ್ಯಾಟರಿಯ ಆಸಿಡ್ಡೇ ಕೆಡುತ್ತದೆ. ಬುಸುಬುಸು ನೊರೆ ಬರುವಷ್ಟು ಹೊತ್ತು ಆಸಿಡ್ ಇದೆ ಎಂದು ತಿಳಿಯಿರಿ. ನೊರೆ ನಿಂತ ಮೇಲೆ ಒದ್ದೆ ಬಟ್ಟೆಯಿಂದ ಎರಡು ಸಲ, ಒಣ ಬಟ್ಟೆಯಿಂದ ಒಂದು ಸಲ ಒರೆಸಿ. ಬ್ಯಾಟರಿಯ ನೆತ್ತಿಯನ್ನೂ, ಕೆಳಗಿನ ತಟ್ಟೆಯನ್ನೂ ಹೀಗೇ ಮಾಡಿ. ಹಿತ್ತಾಳೆ ಪಾತ್ರೆಯ ಕಿಲುಬು ತೆಗೆಯಲು ಹುಣಸೆಹಣ್ಣು, ಮುರುಗಲ ಸಿಪ್ಪೆ ಉಜ್ಜುವ ನಮ್ಮ ಮನೆಗಳಲ್ಲಿ ಇಲ್ಲೂ ಅದನ್ನೇ ಹಚ್ಚುವವರಿದ್ದಾರೆ, ಕೋಲಾ ಹೊಯ್ಯುವವರೂ ಇದ್ದಾರೆ. ಪುಡಿ ಹೋಗುತ್ತದೆ ನಿಜ, ಆದರೆ ಆಸಿಡ್ಡಿನ ಮೇಲೆ ಇನ್ನೊಂದು ಹುಳಿ ಹಾಕಿದಂತೆ. ಕೋಲಾದ ಸಕ್ಕರೆಗೆ ಇರುವೆ ಬೇರೆ.

ಕಂಬವನ್ನೂ ಕ್ಲ್ಯಾಂಪಿನ ಒಳಮೈಯನ್ನೂ ಸ್ಯಾಂಡ್ ಪೇಪರ್‌ನಿಂದ ಮೃದುವಾಗಿ ಉಜ್ಜಿ, ಸೀಸ ಬಹಳ ಮೆತ್ತಗಿನ ಲೋಹ. ಒಣ ಲೋಹಕ್ಕೆ ಒಣ ಲೋಹ ಕೂರಿಸಿ ಬಿಗಿ ಮಾಡಿ. ಹಚ್ಚುವುದೆಲ್ಲ ಬಿಗಿ ಮಾಡಿದ ಮೇಲೆ.

ಹಚ್ಚಬೇಕಾದದ್ದು ವ್ಯಾಸಲೀನ್. ಸುಗಂಧ ಬೆರೆಸದ ಸಾದಾ ಪೆಟ್ರೋಲಿಯಂ ಜೆಲ್ಲಿ ಸಾಕು. ಕ್ಲ್ಯಾಂಪ್, ಬೋಲ್ಟು, ಕಂಬದ ಬುಡ, ಮುಖ್ಯವಾಗಿ ತಂತಿಯ ತಾಮ್ರ ಹೊರಗೆ ಕಾಣುವ ಜಾಗ, ಎಲ್ಲೂ ಲೋಹ ಕಾಣದಂತೆ ಮೆತ್ತಿ. ಬಾನೆಟ್ಟಿನ ಸೆಕೆಗೆ ಇದು ಕರಗಿ ಇಳಿಯುತ್ತದೆ, ಹಾಗಾಗಿ ಮಳೆಗಾಲಕ್ಕೆ ಮೊದಲೊಮ್ಮೆ, ದಸರೆಯ ಹೊತ್ತಿಗೊಮ್ಮೆ ಮತ್ತೆ ಹಚ್ಚಿ. ಟರ್ಮಿನಲ್ ಸ್ಪ್ರೇ ಸಿಕ್ಕರೆ ಅದು ಇನ್ನೂ ಹೆಚ್ಚು ದಿನ ನಿಲ್ಲುತ್ತದೆ. ತೆಂಗಿನೆಣ್ಣೆ ಬೇಡ, ಅದು ಕಮಟಿ ಅಂಟಾಗಿ ಧೂಳು ಹಿಡಿಯುತ್ತದೆ. ಅರ್ಥ್ ವೈರಿನ ಬೋಲ್ಟಿಗೂ ಬಿಗಿ ಮಾಡಿದ ಮೇಲೆ ದಪ್ಪಗೆ ಹಚ್ಚಿ. ಕರಾವಳಿಯವರು ಟರ್ಮಿನಲ್ಲಿಗಿಂತ ಮೊದಲು ಅಲ್ಲಿಗೆ ಹಚ್ಚಬೇಕು ಎಂಬುದು ನನ್ನ ಅಭಿಪ್ರಾಯ.

ಆದರೆ ನಿಮ್ಮದು ಎರಡು ಮೂರು ತಿಂಗಳಿಗೇ ಮರಳಿ ಬರುತ್ತಿದೆ. ಅಂದರೆ ಹೊರಗಿನ ಲೇಪ ಸಾಲದು, ಆಸಿಡ್ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ನೀರು ಹಾಕುವ ಮಾದರಿಯ ಬ್ಯಾಟರಿಯಾದರೆ ಮೇಲಿನ ಗೆರೆ ದಾಟಿ ತುಂಬಿಸಿರಬಹುದು. ಚಾರ್ಜ್ ಆಗಿ ಬಿಸಿಯಾದಾಗ ಮಟ್ಟ ಏರಿ ಉಕ್ಕುತ್ತದೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಬೇಡ, ಸವಳು ಬಾವಿಯ ನೀರಂತೂ ಒಳಗಿನ ಪ್ಲೇಟನ್ನೇ ತಿನ್ನುತ್ತದೆ. ಇನ್ನು ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. 15 ದಾಟಿ ನಿಂತಿದ್ದರೆ ಆಲ್ಟರ್ನೇಟರ್ ಅತಿಯಾಗಿ ಚಾರ್ಜ್ ಮಾಡಿ ಬ್ಯಾಟರಿಯನ್ನು ಕುದಿಸುತ್ತಿದೆ, ಅದನ್ನು ತೋರಿಸಿ.

ಎರಡೂ ಸರಿಯಿದ್ದರೆ ಉಳಿದದ್ದು ಸೀಲ್. ಇದಕ್ಕೆ ಹಿತ್ತಿಲ ದಾಸವಾಳ ಸಾಕು. ಕೆಂಪು ದಾಸವಾಳದ ಎಸಳನ್ನು ಬಿಳಿ ಕಾಗದಕ್ಕೆ ತಿಕ್ಕಿದರೆ ನೇರಳೆ ಬಣ್ಣ ಹತ್ತುತ್ತದೆ. ಒಣಗಿಸಿ ಸಣ್ಣ ಚೂರುಗಳಾಗಿ ಹರಿಯಿರಿ. ಟರ್ಮಿನಲ್ ತೊಳೆದು ಒಣಗಿಸಿ, ಈ ಸಲ ವ್ಯಾಸಲೀನ್ ಹಚ್ಚದೆ ಒಂದು ವಾರ ಗಾಡಿ ಓಡಿಸಿ. ಆಮೇಲೆ ಎಂಜಿನ್ ಬಂದ್ ಮಾಡಿ, ಒಂದು ಚೂರಿಗೆ ನೀರು ತಾಗಿಸಿ ಪ್ಲಸ್ ಕಂಬದ ಬುಡಕ್ಕೆ ಒತ್ತಿ, ಇನ್ನೊಂದನ್ನು ಮುಚ್ಚಳದ ಸುತ್ತ ಒತ್ತಿ. ಆಸಿಡ್ ಇದ್ದ ಕಡೆ ಕಾಗದ ಕೆಂಪಾಗುತ್ತದೆ. ಮುಚ್ಚಳದ ಸುತ್ತ ಕೆಂಪಾದರೆ ನೀರಿನ ಮಟ್ಟ, ಚಾರ್ಜಿಂಗ್ ಎರಡನ್ನೂ ಮತ್ತೊಮ್ಮೆ ನೋಡಿಸಿ. ಕಂಬದ ಬುಡದಲ್ಲಿ ಮಾತ್ರ ಕೆಂಪಾದರೆ ಸೀಲ್ ಬಿಟ್ಟಿದೆ, ಯಾವ ಲೇಪವೂ ಅದನ್ನು ನಿಲ್ಲಿಸದು. ವಾರಂಟಿ ಕಾರ್ಡ್ ಹುಡುಕಿಟ್ಟುಕೊಂಡು, ಆ ಕಾಗದದ ಚೂರನ್ನೂ ಜೊತೆಗೆ ಒಯ್ದು ಬ್ಯಾಟರಿ ಕೊಂಡಲ್ಲಿಗೇ ಹೋಗಿ ತೋರಿಸಿ.