ಬೊಗಸೆ ಕಾಳಿನ ಮುದ್ದು

"ನಾವೇನೂ ಮಾಡಲಿಲ್ಲ ಡಾಕ್ಟರೇ, ಪ್ರೀತಿಗೆ ಒಂದಿಷ್ಟು ಕಾಳು ಕೊಟ್ಟೆವು, ಅಷ್ಟೇ." ಹಾಲಿಗೂ ಅಲ್ಲ, ಮಾಂಸಕ್ಕೂ ಅಲ್ಲ, ಬರೀ ಅಕ್ಕರೆಗೆಂದು ಮೂರು ನಾಲ್ಕು ಆಡು ಸಾಕಿಕೊಂಡವರ ಮನೆಯಿಂದ ಬರುವ ಕರೆಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಆ "ಒಂದಿಷ್ಟು" ಎಷ್ಟು ಎಂದು ಕೆದಕಿದರೆ ಬೆಳಿಗ್ಗೆ ಅಜ್ಜ ಒಂದು ಬೊಗಸೆ, ಮಧ್ಯಾಹ್ನ ಮಕ್ಕಳು ಒಂದು ಬೊಗಸೆ, ಸಂಜೆ ಬಂದ ನೆಂಟರು ಇನ್ನೊಂದು. ಆಡು ಯಾರಿಗೂ ಬೇಡ ಎನ್ನುವುದಿಲ್ಲ. ಹಿಂದಿನ ಬೊಗಸೆಯ ಸುದ್ದಿಯನ್ನು ಮುಂದಿನವರಿಗೆ ಹೇಳುವುದೂ ಇಲ್ಲ. ಹೊಟ್ಟೆಗಿಲ್ಲದೆ ಸೊರಗಿದ ಮುದ್ದಿನ ಆಡನ್ನು ನಾನು ನೋಡಿದ್ದು ಅಪರೂಪ. ಮುದ್ದಿನಿಂದಲೇ ಕಾಯಿಲೆ ಬಿದ್ದವು ಬೇಕಾದಷ್ಟಿವೆ.

ಆಡಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳು. ಎಲ್ಲಕ್ಕಿಂತ ದೊಡ್ಡದಾದ ಮೊದಲ ಕೋಣೆಯಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಸೊಪ್ಪಿನ ನಾರನ್ನು ನಿಧಾನವಾಗಿ ಹುದುಗಿಸುತ್ತಿರುತ್ತವೆ. ನಾವು ಆಡಿಗೆ ಮೇವು ಹಾಕುತ್ತೇವೆ ಎಂದುಕೊಂಡರೂ ಊಟ ಸಲ್ಲುವುದು ಮೊದಲು ಇವುಗಳಿಗೆ. ಅಲ್ಲಿಗೆ ಕಾಳು, ಹಿಟ್ಟು, ಬ್ರೆಡ್ಡು ಒಮ್ಮೆಗೇ ಹೆಚ್ಚಾಗಿ ಬಿದ್ದರೆ ಪಿಷ್ಟವನ್ನು ಕಬಳಿಸುವ ಜೀವಿಗಳು ಮೇಲುಗೈ ಪಡೆದು ಲ್ಯಾಕ್ಟಿಕ್ ಆಮ್ಲವನ್ನು ತುಂಬಿಬಿಡುತ್ತವೆ. ನಾರು ಅರಗಿಸುವ ಜೀವಿಗಳು ಸಾಯುತ್ತವೆ, ಮೆಲುಕು ನಿಲ್ಲುತ್ತದೆ, ಭೇದಿ ಶುರುವಾಗುತ್ತದೆ. ಮೂಟೆಗೇ ಬಾಯಿ ಹಾಕಿದ ಆಡು ಒಂದೆರಡು ದಿನದಲ್ಲಿ ಸತ್ತುಹೋಗಬಹುದು.

ಆದ್ದರಿಂದ ಹೊಸದಾಗಿ ಸಾಕುವವರಿಗೆ ನಾನು ಮೊದಲು ಕಲಿಸುವುದು ಔಷಧಿಯ ಹೆಸರನ್ನಲ್ಲ. ಆಡಿನ ಎಡ ಪಕ್ಕೆಯಲ್ಲಿ, ಕೊನೆಯ ಎಲುಬಿನ ಹಿಂದೆ, ಮುಷ್ಟಿಯನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ನಿಮಿಷಕ್ಕೆ ಒಂದೆರಡು ಬಾರಿ ಒಳಗಿನಿಂದ ಅಲೆಯೊಂದು ಕೈಯನ್ನು ಎತ್ತಿ ಇಳಿಸುತ್ತದೆ. ಆಡು ಚೆನ್ನಾಗಿರುವಾಗಲೇ ಕೈಗೆ ಈ ರೂಢಿಯಾಗಿರಬೇಕು. ಅಲೆಯಿಲ್ಲದೆ ಅಲ್ಲಿ ತಮಟೆಯಂತೆ ಬಿಗಿದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಮೈ ಬಿಸಿಯಾಗಿದೆ ಎಂದು ಗಾಬರಿಯಾಗುವವರಿಗೆ ಇನ್ನೊಂದು ಮಾತು: ಆಡಿನ ಸಹಜ ಉಷ್ಣತೆಯೇ ಸುಮಾರು 39 ಡಿಗ್ರಿ ಸೆಲ್ಸಿಯಸ್. ನಮ್ಮ ಅಂಗೈಗೆ ಅದು ಯಾವಾಗಲೂ ಜ್ವರವೇ.

ಕಾಳಿನ ಇನ್ನೊಂದು ಕೆಡುಕು ಗಂಡಾಡುಗಳ ಪಾಲಿನದು. ಒಂದು ಮನೆಯವರು ಬೀಜ ತೆಗೆಸಿದ ಆಡೊಂದನ್ನು ಕರೆತಂದಿದ್ದರು. ಎರಡು ದಿನದಿಂದ ಬೆನ್ನು ಬಾಗಿಸಿ ತಿಣುಕುತ್ತಿತ್ತಂತೆ. ಮಲಬದ್ಧತೆಯಿರಬೇಕೆಂದು ಎಣ್ಣೆ ಕುಡಿಸಿದ್ದರು. ಕಟ್ಟಿದ್ದು ಮಲವಲ್ಲ, ಮೂತ್ರ. ಕಾಳಿನಲ್ಲಿ ರಂಜಕ, ಅಂದರೆ ಫಾಸ್ಫರಸ್, ಹೆಚ್ಚು; ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಕಡಿಮೆ. ಆಹಾರದಲ್ಲಿ ಸುಣ್ಣದಂಶ ರಂಜಕದ ಎರಡರಷ್ಟಾದರೂ ಇರಬೇಕು. ಆ ಲೆಕ್ಕ ತಿರುಗುಮುರುಗಾದಾಗ ಮೂತ್ರದಲ್ಲಿ ಹರಳುಗಟ್ಟುತ್ತದೆ. ಗಂಡಾಡಿನ ಮೂತ್ರನಾಳ ಮೊದಲೇ ಕಿರಿದು, ತುದಿಯಲ್ಲಂತೂ ದಾರದಷ್ಟು ಸಣ್ಣದು. ಎಳೆಯದರಲ್ಲೇ ಬೀಜ ತೆಗೆಸಿದರೆ ಅದು ಪೂರ್ತಿ ಬೆಳೆಯುವುದೂ ಇಲ್ಲ. ಆ ದಿನ ತುದಿಯಲ್ಲೇ ಸಿಕ್ಕಿಕೊಂಡಿದ್ದ ಹರಳನ್ನು ತೆಗೆದೆವು, ಆಡು ಉಳಿಯಿತು. ಎಲ್ಲವೂ ಉಳಿಯುವುದಿಲ್ಲ. ತಿಣುಕುತ್ತಿರುವ ಗಂಡಾಡು ಉಚ್ಚೆ ಹೊಯ್ಯುತ್ತಿದೆಯೇ ಎಂದು ಮೊದಲು ನೋಡಿ. ಎಣ್ಣೆಯ ಶೀಸೆ ಕಪಾಟಿನಲ್ಲೇ ಇರಲಿ.

"ಆಡು ಮುಟ್ಟದ ಸೊಪ್ಪಿಲ್ಲ" ಎಂಬ ಗಾದೆಯನ್ನು ಜನ ಅರ್ಧ ಮಾತ್ರ ಅರ್ಥ ಮಾಡಿಕೊಂಡಿದ್ದಾರೆ. ಮುಟ್ಟುವುದು ನಿಜ. ಆದರೆ ಮುಟ್ಟಿದ್ದನ್ನೆಲ್ಲ ತಿನ್ನುವುದಿಲ್ಲ. ಬೆರಳಿನಂತೆ ಆಡುವ ತುಟಿಯಿಂದ ಎಳೆಯ ಚಿಗುರನ್ನು ಹೆಕ್ಕಿ ಉಳಿದದ್ದನ್ನು ಬಿಟ್ಟು ಮುಂದೆ ಹೋಗುತ್ತದೆ. ನೆಲಕ್ಕೆ ಬಿದ್ದು ತುಳಿದಾಡಿದ ಮೇವಿಗೆ ಮೂಗು ಮುರಿಯುತ್ತದೆ. ಈ ಸೊಗಸುಗಾರಿಕೆ ಅದಕ್ಕೆ ಒಳ್ಳೆಯದೇ, ಏಕೆಂದರೆ ಜಂತುಹುಳುವಿನ ಮರಿಗಳು ಇರುವುದು ನೆಲಕ್ಕಂಟಿದ ಹುಲ್ಲಿನಲ್ಲಿ. ಸೊಪ್ಪಿನ ಕಂತೆಯನ್ನು ಆಡಿನ ಎದೆಯ ಎತ್ತರಕ್ಕೆ ತೂಗುಹಾಕಿ. ವಾರಕ್ಕೊಮ್ಮೆ ಕೆಳರೆಪ್ಪೆ ಬಿಡಿಸಿ ನೋಡಿ: ಒಳಗೆ ಕೆಂಪಗಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ಹುಳು ರಕ್ತ ಹೀರುತ್ತಿರಬಹುದು. ಆದರೆ ಆಡಿನ ಜಾಣ್ಮೆಯನ್ನು ಪೂರ್ತಿ ನಂಬಬೇಡಿ. ಕಣಗಿಲೆಯ ಕೆಲವೇ ಎಲೆಗಳು ಅದರ ಹೃದಯವನ್ನು ನಿಲ್ಲಿಸಬಲ್ಲವು. ಆ ಗಿಡ ಬೇಲಿಯ ಆಚೆಗಿರಲಿ, ಕತ್ತರಿಸಿದ ರೆಂಬೆ ಇನ್ನೂ ಆಚೆಗೆ.

ಒಂದೇ ಆಡು ಸಾಕುತ್ತೇನೆ ಎನ್ನುವವರಿಗೆ ನಾನು ಬೇಡವೆಂದೇ ಹೇಳುವುದು. ಒಂಟಿ ಆಡು ಕೂಗಿ ಕೂಗಿ ಮೇವು ಬಿಡುತ್ತದೆ. ಮೂರು ನಾಲ್ಕಿದ್ದರೆ ಅವುಗಳಲ್ಲೇ ಮೇಲು ಕೆಳಗು ಏರ್ಪಡುತ್ತದೆ, ಕೊನೆಯದಕ್ಕೆ ಗೋದಲಿಯ ಮೂಲೆಯೂ ಸಿಗುವುದಿಲ್ಲ. ಮೇವನ್ನು ದೂರ ದೂರ ಹಾಕಿದರೆ ಅರ್ಧ ಜಗಳ ಮುಗಿಯಿತು. ಕಾಯಿಲೆಯದನ್ನು ಬೇರೆ ಕಟ್ಟುವಾಗಲೂ ಉಳಿದವುಗಳ ಕಣ್ಣೆದುರಿಗೇ ಕಟ್ಟಿ. ಇಲ್ಲವಾದರೆ ವಾಪಸು ಬಂದ ದಿನ ಅದು ತನ್ನ ಜಾಗಕ್ಕಾಗಿ ಮತ್ತೆ ಗುದ್ದಾಡಬೇಕು. ಗುದ್ದಾಟವೆಂದಾಗ ನೆನಪಾಯಿತು, ಹೋತಮರಿಯ ಹಣೆಗೆ ಅಂಗೈಯೊತ್ತಿ ಆಟವಾಡಬೇಡಿ. ಅದು ಆ ಆಟವನ್ನು ಮರೆಯುವುದಿಲ್ಲ, ತೂಕ ಮಾತ್ರ ಐವತ್ತು ಕಿಲೋ ದಾಟಿರುತ್ತದೆ.

ಇಷ್ಟೆಲ್ಲ ತಿಳಿದವರೂ ಕಾಳಿನ ಡಬ್ಬಿಗೆ ಕೈ ಹಾಕುತ್ತಾರೆ, ಆಡು ನೋಡುವ ರೀತಿಯೇ ಹಾಗೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೆರೆಯಲಾಗದ ಡಬ್ಬಿಯಲ್ಲಿ ತಿನಿಸು ಇಟ್ಟಾಗ ಆಡುಗಳು ಪಕ್ಕದಲ್ಲಿದ್ದ ಮನುಷ್ಯನ ಕಡೆಗೆ ತಿರುಗಿ ನೋಡಿದವು. ಆತ ತಮ್ಮತ್ತ ಮುಖ ಮಾಡಿದ್ದಾಗ ಆ ನೋಟ ಇನ್ನೂ ಹೆಚ್ಚು. ಆಡು ಸಾಕಿದವರಿಗೆ ಇದು ಹೊಸ ಸುದ್ದಿಯೇನಲ್ಲ, ಬಿಡಿ.

ಹರಳಿನ ಆಡಿನ ಮನೆಯವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಅವರ ಕಾಳಿನ ಡಬ್ಬಿಯಲ್ಲಿ ಈಗ ಗಡಸು ಕೂದಲಿನ ಬ್ರಷ್ ಇದೆ. ಸದ್ದು ಕೇಳಿದೊಡನೆ ನಾಲ್ಕೂ ಓಡಿ ಬರುತ್ತವೆ, ಕತ್ತು ಚಾಚಿ ಎದೆ ಉಜ್ಜಿಸಿಕೊಳ್ಳುತ್ತವೆ. ಹರಳಿನದು ಮಾತ್ರ ಮೊದಲು ಡಬ್ಬಿಯೊಳಗೆ ಮೂತಿಯಿಟ್ಟು, ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಸಾಲಿಗೆ ಬರುತ್ತದೆ.