ತೂಕ ಇಳಿಸಿದ್ದೇ ವಿಶೇಷ: ಲೋಟಸ್ ಎಲೀಸ್ ಕಥೆ

ಕಪ್ಪಿನ ಹಿಡಿ ಮುರಿದರೆ ಮನೆಯಲ್ಲಿ ಅರಾಲ್ಡೈಟ್ ಹುಡುಕುತ್ತೇವೆ. ಎರಡು ಟ್ಯೂಬಿನಿಂದ ಸಮಸಮ ಹಿಂಡಿ, ಹಳೆಯ ಕಾರ್ಡಿನ ಮೇಲೆ ಬೆಂಕಿಕಡ್ಡಿಯಲ್ಲಿ ಕಲಸಿ, ಹಚ್ಚಿ ಇಟ್ಟರೆ ಬೆಳಗ್ಗೆ ಹೊತ್ತಿಗೆ ಕಲ್ಲಿನ ಹಾಗೆ ಹಿಡಿದಿರುತ್ತದೆ. ಇದೇ ಎಪಾಕ್ಸಿ ಜಾತಿಯ ಅಂಟಿನಿಂದ ಒಂದು ಕಾರಿನ ಚಾಸಿಯನ್ನೇ, ಅಂದರೆ ಇಡೀ ಕಾರನ್ನು ಹೊರುವ ಚೌಕಟ್ಟನ್ನೇ ಜೋಡಿಸಿದ್ದಾರೆ. ಅಂಟು ಕೊಟ್ಟಿದ್ದು ಅರಾಲ್ಡೈಟ್ ತಯಾರಿಸುತ್ತಿದ್ದ ಸೀಬಾ ಕಂಪನಿ. ಕಾರಿನ ಹೆಸರು ಲೋಟಸ್ ಎಲೀಸ್.

ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಹೆಥೆಲ್ ಅಂತ ಒಂದು ಊರಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಹಾರುತ್ತಿದ್ದ ನೆಲ ಅದು. ಲೋಟಸ್ ಕಾರ್ಖಾನೆ ಇರುವುದು ಅಲ್ಲೇ. 1995ರ ಫ್ರಾಂಕ್‌ಫರ್ಟ್ ಕಾರು ಮೇಳದಲ್ಲಿ ಎಲೀಸ್ ಮೊದಲು ಕಾಣಿಸಿಕೊಂಡಿತು, ಮರುವರ್ಷ ಮಾರಾಟಕ್ಕೆ ಬಂತು. ಆಗ ಕಂಪನಿಯ ಮುಖ್ಯಸ್ಥರಾಗಿದ್ದ ರೊಮಾನೊ ಆರ್ಟಿಯೋಲಿ ಅವರ ಪುಟ್ಟ ಮೊಮ್ಮಗಳು ಎಲೀಸಾ. ಅವಳ ಹೆಸರೇ ಕಾರಿಗೂ ಬಂತು. ತೂಕ ಸುಮಾರು 725 ಕಿಲೋ. ನಮ್ಮ ಮಾರುತಿ 800ಕ್ಕಿಂತ ಸ್ವಲ್ಪವೇ ಜಾಸ್ತಿ, ಆದರೆ ಎಂಜಿನ್ 1.8 ಲೀಟರಿನದು, 118 ಅಶ್ವಶಕ್ತಿಯದು.

ಇಪ್ಪತ್ತೈದು ವರ್ಷಗಳಲ್ಲಿ ಈ ಕಾರಿನ ವಿಶೇಷ ಆವೃತ್ತಿಗಳು ಲೆಕ್ಕವಿಲ್ಲದಷ್ಟು ಬಂದವು. ಟೈಪ್ 49 ಅನ್ನುವುದು ಕೆಂಪು, ಬಿಳಿ, ಚಿನ್ನದ ಬಣ್ಣದ್ದು. ಟೈಪ್ 72 ಕಪ್ಪು ಮತ್ತು ಚಿನ್ನದ್ದು. ಎರಡೂ ಲೋಟಸ್‌ನ ಹಳೆಯ ರೇಸ್ ಕಾರುಗಳ ನೆನಪಿಗೆ. ನೋಡೋಕೆ ತುಂಬಾ ಚೆಂದ. ಆದರೆ ಬಣ್ಣ ಬದಲಾದರೆ ಕಾರು ಓಡುವ ರೀತಿ ಬದಲಾಗುವುದಿಲ್ಲ ಅಲ್ವಾ? ನನಗೆ ನಿಜವಾಗಿ ವಿಶೇಷ ಅನಿಸುವುದು ತಕ್ಕಡಿಯಲ್ಲಿ ಗೊತ್ತಾಗುವ ಆವೃತ್ತಿಗಳು.

ಅದಕ್ಕೆ ಮೊದಲು ಚಾಸಿ ನೋಡೋಣ. ಚಕ್ಕುಲಿ ಒರಳಿಗೆ ಹಿಟ್ಟು ತುಂಬಿ ಒತ್ತಿದರೆ ಬಿಲ್ಲೆಯಲ್ಲಿ ಯಾವ ತೂತಿದೆಯೋ ಅದೇ ಆಕಾರದಲ್ಲಿ ಉದ್ದಕ್ಕೆ ಬರುತ್ತದೆ. ಕಾಯಿಸಿ ಮೆತ್ತಗಾದ ಅಲ್ಯೂಮಿನಿಯಂ ಅನ್ನು ಹಾಗೇ ಒತ್ತಿ ತೆಗೆದ ಪಟ್ಟಿಗಳಿಂದ ಎಲೀಸ್ ಚಾಸಿ ಆಗಿದೆ. ಟೊಳ್ಳು ಪಟ್ಟಿಗಳು, ಒಳಗೆ ಅಡ್ಡಗೋಡೆಗಳು. ಕೆಲವು ಕಡೆ ಗೋಡೆಯ ದಪ್ಪ ಬರೀ ಒಂದೂವರೆ ಮಿಲಿಮೀಟರು.

ಇಷ್ಟು ತೆಳುವಾದದ್ದನ್ನು ವೆಲ್ಡಿಂಗ್ ಮಾಡಿದರೆ ಕೆಡುತ್ತದೆ. ಈ ಮಿಶ್ರಲೋಹಕ್ಕೆ ಗಟ್ಟಿತನ ಬರುವುದು ಹದವಾಗಿ ಕಾಯಿಸಿ ತಣಿಸಿದ್ದರಿಂದ. ವೆಲ್ಡಿಂಗ್ ಬಿಸಿ ತಗುಲಿದ ಕಡೆ ಆ ಹದ ಹೋಗಿ ಲೋಹ ಮತ್ತೆ ಮೆತ್ತಗಾಗುತ್ತದೆ. ಆ ನಷ್ಟ ತುಂಬೋಕೆ ಗೋಡೆ ದಪ್ಪ ಮಾಡಬೇಕು, ದಪ್ಪ ಮಾಡಿದರೆ ತೂಕ. ಅಂಟಿಗೆ ಈ ತೊಂದರೆ ಇಲ್ಲ. ಅದನ್ನು ಒಲೆಯಲ್ಲಿಟ್ಟು ಗಟ್ಟಿ ಮಾಡುವ ಬಿಸಿಗೆ ಲೋಹದ ಹದ ಕೆಡುವುದಿಲ್ಲ. ಎಳೆತ ಒಂದು ಗೆರೆಯ ಮೇಲೆ ಬೀಳದೆ ಅಂಟು ಹಚ್ಚಿದ ಜಾಗಕ್ಕೆಲ್ಲ ಹರಡಿಕೊಳ್ಳುತ್ತದೆ.

ಅಂಟಿಗೂ ಒಂದು ದೌರ್ಬಲ್ಯ ಇದೆ. ಗೋಡೆಗೆ ಅಂಟಿಸಿದ ಸ್ಟಿಕ್ಕರ್ ಅನ್ನು ಪಕ್ಕಕ್ಕೆ ಜಗ್ಗಿ ನೋಡಿ, ಅಲುಗುವುದಿಲ್ಲ. ಉಗುರಿನಿಂದ ಮೂಲೆ ಎಬ್ಬಿಸಿ, ಸರಕ್ಕನೆ ಬರುತ್ತದೆ. ಚಾಸಿಯಲ್ಲೂ ಹಾಗೇ ಆಗಬಾರದು ಅಂತ ಸುಲಿದು ಬರಬಹುದಾದ ಕಡೆ ತಿರುಪುಮೊಳೆ ಹಾಕಿದ್ದಾರೆ. ಇಷ್ಟೆಲ್ಲ ಆಗಿ ಇಡೀ ಚಾಸಿಯ ತೂಕ 68 ಕಿಲೋ. ಒಬ್ಬ ಮನುಷ್ಯನ ತೂಕ! ಮೊದಲ ಸಲ ಇದನ್ನು ಓದಿದಾಗ ಅಚ್ಚಿನ ತಪ್ಪು ಅಂದುಕೊಂಡಿದ್ದೆ.

ಆವೃತ್ತಿಗಳು ಇಷ್ಟೊಂದು ಬರೋಕೂ ಕಾರು ಕಟ್ಟುವ ಈ ರೀತಿಯೇ ಒಂದು ಕಾರಣ. ಉಕ್ಕಿನ ತಗಡನ್ನು ಅಚ್ಚಿಗೆ ಹಾಕಿ ಒತ್ತುವ ದೊಡ್ಡ ಕಾರ್ಖಾನೆಗಳಲ್ಲಿ ಅಚ್ಚಿನ ಖರ್ಚು ವಿಪರೀತ. ಲಕ್ಷಗಟ್ಟಲೆ ಕಾರು ಮಾರಿದರೆ ಮಾತ್ರ ಗಿಟ್ಟುತ್ತದೆ. ಅಲ್ಯೂಮಿನಿಯಂ ಒತ್ತುವ ಬಿಲ್ಲೆ ಅಗ್ಗ. ಹೊರಮೈ ಫೈಬರ್‌ಗ್ಲಾಸ್, ಅದರ ಅಚ್ಚೂ ಅಗ್ಗ. ಹಾಗಾಗಿ ಒಳಗಿನದು ಹಾಗೇ ಇಟ್ಟುಕೊಂಡು, ಕೆಲವೇ ನೂರು ಕಾರಿಗೆ ಬೇರೆ ಮೈ ಮಾಡಿದರೂ ಕಂಪನಿ ಮುಳುಗುವುದಿಲ್ಲ.

340ಆರ್ ಹಾಗೆ ಬಂತು. 1998ರಲ್ಲಿ ಬರ್ಮಿಂಗ್‌ಹ್ಯಾಮ್ ಮೇಳದಲ್ಲಿ ತೋರಿಸಿ, 2000ದಲ್ಲಿ ಮಾರಿದ ಕಾರು. ಬಾಗಿಲಿಲ್ಲ, ಚಾವಣಿ ಇಲ್ಲ. ಚಕ್ರಗಳ ಮೇಲೆ ಮೋಟರ್‌ಸೈಕಲ್‌ಗೆ ಇರುವಂಥ ಮಡ್‌ಗಾರ್ಡ್. ಒಂದು ಟನ್ ತೂಕಕ್ಕೆ 340 ಅಶ್ವಶಕ್ತಿ ಅನ್ನುವ ಗುರಿಯಿಂದ ಬಂದ ಹೆಸರು ಅದು, ಮಾಡಿದ್ದೂ 340 ಕಾರು. ನನ್ನ ಗಮನ ಸೆಳೆದದ್ದು ಅದರ ತೂಕ, ಸುಮಾರು 700 ಕಿಲೋ. ಬಾಗಿಲು, ಚಾವಣಿ ಎಲ್ಲ ತೆಗೆದರೂ ಅಷ್ಟೇ ಇಳಿದದ್ದು. ಯಾಕೆಂದರೆ ಎಲೀಸ್‌ನಲ್ಲಿ ತೆಗೆಯೋಕೆ ಅಂತ ಜಾಸ್ತಿ ಏನೂ ಉಳಿದಿರಲಿಲ್ಲ.

ಕಂಪನಿ ವಿಶೇಷ ಅಂತ ಕರೆಯದಿದ್ದರೂ ನಾನು ವಿಶೇಷ ಅನ್ನುವ ಇನ್ನೊಂದು ಗುಂಪು ಮೊದಮೊದಲ ಎಲೀಸ್‌ಗಳು. ಅವುಗಳ ಬ್ರೇಕ್ ಡಿಸ್ಕ್ ಕಬ್ಬಿಣದ್ದಲ್ಲ. ಅಲ್ಯೂಮಿನಿಯಂ ಒಳಗೆ ಸಿಲಿಕಾನ್ ಕಾರ್ಬೈಡ್ ಕಣ ಬೆರೆಸಿ ಮಾಡಿದ್ದು. ಉಜ್ಜುಕಾಗದದ ಮೇಲಿರುವ ಗಡಸು ಪುಡಿ ಇದೆಯಲ್ಲ, ಆ ಥರದ್ದು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಬ್ರೇಕ್ ಅಂದರೆ ಬಿಸಿ. ಆದರೂ ಈ ಧೈರ್ಯ ಹೇಗೆ ಬಂತು?

ಒಂದು ಲೆಕ್ಕ ಹಾಕೋಣ. ಚಾಲಕನೂ ಸೇರಿ 800 ಕಿಲೋ ಇರುವ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲಬೇಕಾದರೆ ಸುಮಾರು 309 ಕಿಲೋಜೂಲ್ ಶಕ್ತಿ ಬಿಸಿಯಾಗಿ ಹೊರಹೋಗಬೇಕು. ಒಂದು ಲೀಟರ್ ನೀರನ್ನು ಚಹಾಕ್ಕೆ ಕುದಿಯುವ ತನಕ ಕಾಯಿಸೋಕೆ ಹೆಚ್ಚುಕಮ್ಮಿ ಅಷ್ಟೇ ಬೇಕು. 1600 ಕಿಲೋ ಕಾರಾದರೆ ಒಂದೊಂದು ಸಲ ನಿಲ್ಲುವಾಗಲೂ ಎರಡು ಲೀಟರ್ ನೀರು ಕುದಿಸಿದ ಹಾಗೆ. ಕಾರು ಹಗುರ, ಆದ್ದರಿಂದ ಬಿಸಿ ಕಡಿಮೆ. ಬಿಸಿ ಕಡಿಮೆ, ಆದ್ದರಿಂದ ಹಗುರವಾದ ಡಿಸ್ಕ್ ಸಾಕು. ಡಿಸ್ಕ್ ಹಗುರವಾದರೆ ರಸ್ತೆಯ ಉಬ್ಬುತಗ್ಗಿಗೆ ಚಕ್ರ ಬೇಗ ಏಳುತ್ತದೆ, ಬೇಗ ಇಳಿಯುತ್ತದೆ, ಟೈರು ನೆಲ ಬಿಡುವುದಿಲ್ಲ. ಒಂದು ಕಡೆ ಇಳಿಸಿದ ಕಿಲೋ ಇನ್ನೊಂದು ಕಡೆ ಇಳಿಸೋಕೆ ದಾರಿ ಮಾಡಿಕೊಡುತ್ತದೆ. ಈ ಕಾರಿನಲ್ಲಿ ನನಗೆ ಅತಿ ಇಷ್ಟವಾದ ವಿಷಯ ಇದೇ. ಆ ಡಿಸ್ಕ್ ಪೂರೈಕೆ ನಿಂತುಹೋಗಿ ಮುಂದಿನ ಎಲೀಸ್‌ಗಳಿಗೆ ಎರಕದ ಕಬ್ಬಿಣವೇ ಬಂತು. ಹಳೆಯ ಡಿಸ್ಕ್ ಇರುವ ಕಾರುಗಳನ್ನು ಬಲ್ಲವರು ಈಗಲೂ ಬಗ್ಗಿ ಚಕ್ರದ ಒಳಗೆ ನೋಡಿಯೇ ಗುರುತಿಸುತ್ತಾರೆ.

ಕಾಲ ಕಳೆದಂತೆ ಏರ್‌ಬ್ಯಾಗ್, ಎಬಿಎಸ್, ಎಸಿ ಬಂದವು, ತೂಕವೂ ಬಂತು. ಎಂಜಿನ್ ಟೊಯೋಟಾದ್ದಾಯಿತು. 2021ರ ಕೊನೆಯ ಆವೃತ್ತಿ ಸ್ಪೋರ್ಟ್ 240 ಫೈನಲ್ ಎಡಿಷನ್, 240 ಅಶ್ವಶಕ್ತಿ, 922 ಕಿಲೋ. ಸೀಸದ ಬ್ಯಾಟರಿ ಬದಲು ಲಿಥಿಯಂ, ಹಿಂದಿನ ಗಾಜಿನ ಬದಲು ಪಾಲಿಕಾರ್ಬೊನೇಟ್, ಕೆಲವು ಕಡೆ ಕಾರ್ಬನ್ ಫೈಬರ್ ಹಾಕಿಸಿಕೊಂಡರೆ 898ಕ್ಕೆ ಇಳಿಯುತ್ತಿತ್ತು. ಇಳಿದದ್ದು 24 ಕಿಲೋ. ವೇಗ ಏರಿಸುವ ಲೆಕ್ಕದಲ್ಲಿ ಇದು ಸುಮಾರು 6 ಅಶ್ವಶಕ್ತಿ ಸೇರಿಸಿದಷ್ಟೇ. ಸಣ್ಣದು ಅನಿಸಬಹುದು. ಆದರೆ ಸೇರಿಸಿದ ಅಶ್ವಶಕ್ತಿ ಬ್ರೇಕ್ ಒತ್ತಿದಾಗ ಕೆಲಸಕ್ಕೆ ಬರುವುದಿಲ್ಲ, ತಿರುವಿನಲ್ಲೂ ಬರುವುದಿಲ್ಲ. ಇಳಿಸಿದ 24 ಕಿಲೋ ಎಲ್ಲ ಕಡೆಯೂ ಬರುತ್ತದೆ.

35,124 ಎಲೀಸ್‌ಗಳಾದ ಮೇಲೆ ಹೆಥೆಲ್‌ನಲ್ಲಿ ತಯಾರಿಕೆ ನಿಂತಿತು. ಕೊನೆಯ ಎಲೀಸ್ ಚಿನ್ನದ ಬಣ್ಣದ ಒಂದು ಸ್ಪೋರ್ಟ್ 240. ಅದು ಹೋಗಿದ್ದು ಎಲೀಸಾ ಆರ್ಟಿಯೋಲಿ ಅವರ ಕೈಗೆ. ಫ್ರಾಂಕ್‌ಫರ್ಟ್‌ನಲ್ಲಿ ಹೊದಿಕೆ ಸರಿದಾಗ ಆ ಮೊದಲ ಕಾರಿನಲ್ಲಿ ಕೂತಿದ್ದ ಅದೇ ಪುಟ್ಟ ಹುಡುಗಿ.