ಲಾರಿ ಅನ್‌ಲೋಡಿಂಗ್‌ಗೆ ಗಂಟೆಗಟ್ಲೆ ಕಾಯಿಸಿ ಡಿಟೆನ್ಷನ್ (ಕಾಯಿಸಿದ್ದಕ್ಕೆ ಕೊಡೋ ದುಡ್ಡು) ಕೊಡಲ್ಲ ಅಂದ್ರೆ ಏನ್ ಮಾಡೋದು?

ಪ್ರಶ್ನೆ: "ಬೆಳಗ್ಗೆ 8ಕ್ಕೆ ಅಪಾಯಿಂಟ್ಮೆಂಟ್, 7.30ಕ್ಕೇ ಗೇಟ್ ಹತ್ರ ಹೋಗ್ ನಿಂತಿದ್ದೆ. ಡಾಕ್ (ಮಾಲು ಇಳ್ಸೋ ಜಾಗ) ಸಿಕ್ಕಿದ್ದು ಮಧ್ಯಾಹ್ನ 2ಕ್ಕೆ, ಖಾಲಿ ಆಗಿದ್ದು 4ಕ್ಕೆ. ಈಗ ಡಿಟೆನ್ಷನ್ ಕೇಳಿದ್ರೆ ನಮ್ ರೆಕಾರ್ಡಲ್ಲಿ ನೀವು ಬಂದಿದ್ದೇ 2ಕ್ಕೆ ಅಂತಾರೆ, ಏನ್ ಮಾಡ್ಲಿ?"

ಅವ್ರು ಪೂರ್ತಿ ಸುಳ್ಳು ಹೇಳ್ತಿದಾರೆ ಅಂತಲೂ ಅಲ್ಲ. ತುಂಬಾ ಕಡೆ ಗಾಡಿ ಡಾಕ್‌ಗೆ ಹತ್ತಿದ ಮೇಲೇನೇ ಸಿಸ್ಟಮಲ್ಲಿ ಎಂಟ್ರಿ ಹೊಡೀತಾರೆ, ಹೊರಗಡೆ ಕ್ಯೂನಲ್ಲಿ ನೀವು ಒಣಗಿದ್ದು ಯಾವ ಲೆಕ್ಕದಲ್ಲೂ ಇರಲ್ಲ. ಹಂಗಾಗಿ ಜಗಳ ಇರೋದು ಟೈಮ್ ಎಲ್ಲಿಂದ ಶುರು ಅನ್ನೋದ್ರ ಮೇಲೆ, ಅದಕ್ಕೆ ಉತ್ತರ ನಿಮ್ ಲೋಡ್‌ನ ಅಗ್ರಿಮೆಂಟಲ್ಲೇ ಇರತ್ತೆ, ಮೊದ್ಲು ಅದನ್ನ ತೆಗ್ದು ಓದಿ. ಸಾಮಾನ್ಯವಾಗಿ ಅಪಾಯಿಂಟ್ಮೆಂಟ್ ಟೈಮಿಂದ ಲೆಕ್ಕ, ಬೇಗ ಹೋಗಿ ನಿಂತ ಅರ್ಧ ಗಂಟೆಗೆ ಯಾರೂ ಕೊಡಲ್ಲ. ನೀವೇ ಲೇಟಾಗಿ ಹೋಗಿದ್ರೆ ಎಷ್ಟೋ ಅಗ್ರಿಮೆಂಟಲ್ಲಿ ಡಿಟೆನ್ಷನ್ನೇ ಇಲ್ಲ. ಆಮೇಲೆ ಫ್ರೀ ಟೈಮ್, ಅಂದ್ರೆ ಡಿಟೆನ್ಷನ್ ಇಲ್ದೆ ಕಾಯ್ಬೇಕಾದ ಮೊದಲಿನ ಹೊತ್ತು. ಅಮೆರಿಕದಲ್ಲಿ 2 ಗಂಟೆ ಅನ್ನೋದು ರೂಢಿ ಅಷ್ಟೇ, ಕಾನೂನಲ್ಲ. ಸ್ಪೇನ್‌ನಲ್ಲಿ ಮಾತ್ರ 2022ರಲ್ಲಿ ಕಾನೂನೇ ಬದಲಾಯಿಸಿ 2 ಗಂಟೆ ಇದ್ದಿದ್ದನ್ನ 1 ಗಂಟೆಗೆ ಇಳಿಸಿದ್ರು. ನಿಮ್ದು 2 ಗಂಟೆ ಅಂತಿಟ್ಕೊಂಡ್ರೆ 10ರಿಂದ 4ರ ತನಕ, ಅಂದ್ರೆ 6 ಗಂಟೆ. ಅಷ್ಟೇ ಕೇಳಿ. ಎಂಟೂವರೆ ಗಂಟೆ ಅಂತ ಕೇಳಿದ್ರೆ ಆ ಒಂದು ತಪ್ಪು ತೋರಿಸಿ ಪೂರ್ತಿ ಬಿಲ್ಲೇ ಪಕ್ಕಕ್ಕೆ ತಳ್ತಾರೆ.

ಇನ್ನು ಪ್ರೂಫ್. ಡೆಲಿವರಿ ಪೇಪರ್ ಮೇಲೆ ಇನ್ ಟೈಮ್, ಔಟ್ ಟೈಮ್, ಸಹಿ, ಇಷ್ಟಿದ್ರೆ ಮುಕ್ಕಾಲು ಪಾಲು ಗೆದ್ದಂಗೆ. ಆದ್ರೆ ರಿಸೀವರ್ (ಮಾಲು ಇಳಿಸ್ಕೊಳ್ಳೋನು) ದಡಕ್ಕಂತ ಸೀಲ್ ಒತ್ತಿ ಬರೀ ತಾರೀಕು ಹಾಕ್ಬಿಟ್ಟು ಕೈಗೆ ಕೊಡ್ತಾನೆ, ಆವಾಗ್ಲೇ ಅಲ್ಲೇ ನಿಂತು ಟೈಮ್ ಬರೀರಿ ಸಾರ್ ಅಂತ ಕೇಳ್ಬೇಕು. ಬರ್ಯಲ್ಲ ಅಂದ್ರೆ ನೀವೇ ಬರ್ದು, "ಟೈಮ್ ಹಾಕಲು ಒಪ್ಪಲಿಲ್ಲ" ಅಂತ ಪಕ್ಕದಲ್ಲಿ ಸೇರ್ಸಿ ಫೋಟೋ ತೆಗೀರಿ. ಇದಕ್ಕಿಂತ ಮುಖ್ಯ, ಫ್ರೀ ಟೈಮ್ ಮುಗಿಯೋಕೆ ಮುಂಚೆ ಲೋಡ್ ಕೊಟ್ಟವ್ರಿಗೆ "8ಕ್ಕೆ ರಿಪೋರ್ಟ್ ಮಾಡಿದೀನಿ, ಇನ್ನೂ ಡಾಕ್ ಕೊಟ್ಟಿಲ್ಲ, 10ರಿಂದ ಡಿಟೆನ್ಷನ್ ಶುರು" ಅಂತ ಮೆಸೇಜ್ ಹಾಕೋದು. ಫೋನಲ್ಲಿ ಹೇಳಿದ್ದು ನೆನಪೇ ಇರಲ್ಲ ಅವ್ರಿಗೆ. ಮುಂಚೆ ತಿಳಿಸದೇ ಇದ್ರೆ ದುಡ್ಡಿಲ್ಲ ಅಂತ ಎಷ್ಟೋ ಅಗ್ರಿಮೆಂಟಲ್ಲಿ ಸಣ್ಣಕ್ಷರದಲ್ಲಿ ಬರ್ದಿರತ್ತೆ.

ಡಾಕಲ್ಲಿರೋರ ಮೇಲೆ ಕೂಗಾಡಿ ಏನೂ ಪ್ರಯೋಜನ ಇಲ್ಲ, ದುಡ್ಡು ಕೊಡೋರು ಅವ್ರಲ್ಲ. ದುಡ್ಡು ಕೊಡೋವರ್ಗೂ ಮಾಲು ಇಳ್ಸಲ್ಲ ಅಂತ ಹಠ ಹಿಡಿಯೋಕಂತೂ ಹೋಗ್ಬೇಡಿ, ಕೇಸ್ ನಿಮ್ ಮೇಲೇ ತಿರುಗತ್ತೆ.

ಸಂಬಳಕ್ಕೆ ಓಡ್ಸೋರಿಗೆ ಇನ್ನೊಂದು ತಲೆನೋವಿದೆ: ಕಂಪನಿ ಕಸ್ಟಮರ್ ಹತ್ರ ಡಿಟೆನ್ಷನ್ ವಸೂಲಿ ಮಾಡತ್ತೆ, ಡ್ರೈವರ್‌ಗೆ ಮಾತ್ರ ದಾಟ್ಸಲ್ಲ. ನನ್ ಪ್ರಕಾರ ಇದು ರಿಸೀವರ್ ಮಾಡೋದಕ್ಕಿಂತ ದೊಡ್ಡ ಮೋಸ. ಕೆಲ್ಸಕ್ಕೆ ಸೇರೋವಾಗ್ಲೇ ಗಂಟೆಗೆ ಎಷ್ಟು, ಕಸ್ಟಮರ್ ಕೊಡದೇ ಇದ್ರೂ ನಂಗೆ ಸಿಗತ್ತಾ ಅಂತ ಕೇಳಿ ಬರವಣಿಗೇಲಿ ತಗೊಳ್ಳಿ.

ದುಡ್ಡೊಂದೇ ಅಲ್ಲ ವಿಷ್ಯ. ಕಾಯಿಸ್ಕೊಂಡು ಹೊರಟವ್ನು ಹೋದ ಟೈಮ್ ಹಿಡಿಯೋಕೆ ಅಂತ ಸುಸ್ತಲ್ಲೇ ಆಕ್ಸಿಲರೇಟರ್ ತುಳೀತಾನೆ. ಅಮೆರಿಕದ ಸಾರಿಗೆ ಇಲಾಖೆ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ 2018ರ ವರದಿ ಅಂದಾಜು ಮಾಡಿದ್ದು, ಸರಾಸರಿ ಕಾಯೋ ಟೈಮ್ ಬರೀ 15 ನಿಮಿಷ ಜಾಸ್ತಿ ಆದ್ರೆ ಅಪಘಾತದ ಪ್ರಮಾಣ ಶೇ. 6.2ರಷ್ಟು ಏರತ್ತೆ ಅಂತ. ಆರು ಗಂಟೆ ಕಾದು ಕಣ್ಣು ಎಳೀತಿದ್ರೆ ಮುಂದಿನ ಲೋಡ್ ಲೇಟ್ ಅಂತ ಹೇಳ್ಬಿಟ್ಟು ಮಲ್ಕೊಳ್ಳಿ.

ನಿಮ್ ಈಗಿನ ಕೇಸಿಗೆ ಬಂದ್ರೆ, ಸಹಿ ಮಾಡ್ಸಿಲ್ಲ ಅಂದ್ರೂ ಕೈ ಬಿಡ್ಬೇಡಿ. ಗಾಡಿ ಜಿಪಿಎಸ್ ರಿಪೋರ್ಟ್, ಫೋನಿನ ಲೊಕೇಶನ್ ಹಿಸ್ಟರಿ, ಗೇಟಿಂದ ಮಾಡಿದ ಕಾಲ್‌ಗಳ ಲಿಸ್ಟ್ ಎಲ್ಲ ಸೇರ್ಸಿ, ಬೈಗುಳ ಇಲ್ದೆ ನಾಲ್ಕೇ ಸಾಲಿನ ಮೇಲ್ ಹಾಕಿ: ಬಂದಿದ್ದು, ಡಾಕ್ ಸಿಕ್ಕಿದ್ದು, ಹೊರಟಿದ್ದು, ಬಾಕಿ ಎಷ್ಟು. ಗೇಟ್ ರಿಜಿಸ್ಟರ್ ಕಾಪಿನೂ ಕೇಳಿ, ಸೆಕ್ಯೂರಿಟಿ ಪುಸ್ತಕದಲ್ಲಿ 7.30 ಅಂತಿದ್ರೆ 2ಕ್ಕೆ ಬಂದ್ರಿ ಅನ್ನೋ ಮಾತು ನಿಲ್ಲಲ್ಲ. ಅರ್ಧ ದುಡ್ಡು ಕೊಡ್ತೀವಿ, ಫುಲ್ ಸೆಟಲ್‌ಮೆಂಟ್ ಅಂತ ಸಹಿ ಹಾಕಿ ಅಂದ್ರೆ ಮಿಕ್ಕಿದ್ದು ಬಿಡೋಕೆ ರೆಡಿ ಇದ್ರೆ ಮಾತ್ರ ಹಾಕಿ.